ಕೀಲಿಲ್ಲದ ಸಾಹುಕಾರ

"ಕತೆಗಳಲ್ಲಿ ಸಿರಿವಂತ ಬಂದನೆಂದರೆ ಒಂದೋ ಬಡವರ ರಕ್ತ ಹೀರುವವನು, ಇಲ್ಲವೇ ಕೊನೆಗೆ ಬಂದು ಎಲ್ಲರ ಕಷ್ಟ ಕಳೆಯುವ ದೇವರು. ನಿಜವಾಗಿ ಸಿರಿ ಮನುಷ್ಯನನ್ನು ಏನು ಮಾಡುತ್ತದೆ, ಗುರುಗಳೇ?" ಎಂದು ಶಿಷ್ಯ ಕೇಳಿದ. ಮಕ್ಕಳಿಲ್ಲದ ಸೋದರಮಾವ ತೀರಿಕೊಂಡು, ಅವನ ಅಪಾರ ಆಸ್ತಿ ಈ ಶಿಷ್ಯನ ಪಾಲಿಗೆ ಬಂದಿತ್ತು. ಮರುದಿನ ಹೋಗಿ ಬೀಗದಕೈ ತೆಗೆದುಕೊಳ್ಳಬೇಕು, ಇಲ್ಲವೇ ಬೇಡವೆಂದು ಹೇಳಿ ಬರಬೇಕು.

ಗುರುಗಳು ಹೇಳಿದರು.

ಒಂದೂರಿನಲ್ಲಿ ತೊಗಲುಗೊಂಬೆ ಆಡಿಸುವ ಹೆಂಗಸೊಬ್ಬಳಿದ್ದಳು. ಅವಳ ಆಟದಲ್ಲಿ ಒಬ್ಬ ಜಿಪುಣ ಸಾಹುಕಾರ. ಗೇಣುದ್ದದ ಗೊಂಬೆ, ಡೊಳ್ಳು ಹೊಟ್ಟೆ. ಕುತ್ತಿಗೆ, ಸೊಂಟ, ಮೊಣಕೈ, ಎಲ್ಲಕ್ಕೂ ಕೀಲು. ಓಡುತ್ತಿತ್ತು, ಬೀಳುತ್ತಿತ್ತು, ಕೋಡಂಗಿಯ ಕೈಲಿ ಒದೆ ತಿನ್ನುತ್ತಿತ್ತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಪರದೆಯ ಮುಂದೆ ನೆಲದ ಮೇಲೆ ಕೂರುತ್ತಿದ್ದ ಒಬ್ಬ ಎಣ್ಣೆ ವ್ಯಾಪಾರಿ.

ವ್ಯಾಪಾರ ಅವನ ಕೈ ಹಿಡಿಯಿತು. ಒಂದು ಗಾಣ ಇದ್ದದ್ದು ನೂರಾಯಿತು. ಆಟ ನಡೆಯುವ ಬಯಲೂ ಅವನದಾಯಿತು. ಕುರ್ಚಿ ಹಾಕಿಸಿಕೊಂಡ. ಆಮೇಲೆ ನಗುವುದನ್ನೇ ಬಿಟ್ಟ.

ಒಂದು ದಿನ ಅವಳನ್ನು ಕರೆಸಿದ.

"ಆ ಡೊಳ್ಳು ಹೊಟ್ಟೆಯವನು ನಾನೇ ತಾನೆ?"

"ಅಯ್ಯೋ ಧಣಿ, ಅದನ್ನು ಕೊರೆದದ್ದು ನನ್ನಜ್ಜ. ಆಗ ನೀವಿನ್ನೂ ಹುಟ್ಟೇ ಇರಲಿಲ್ಲ."

"ಅದನ್ನು ಸುಟ್ಟುಹಾಕು. ನನ್ನ ಗೊಂಬೆ ಮಾಡು. ರಾಜನಷ್ಟು ಎತ್ತರ ಇರಬೇಕು. ಆಗದಿದ್ದರೆ ನನ್ನ ಬಯಲಲ್ಲಿ ಪರದೆ ಕಟ್ಟಬೇಡ."

ತೊಗಲುಗೊಂಬೆಯವರಲ್ಲಿ ಗೊಂಬೆಯ ಎತ್ತರ ಅಂತಸ್ತಿಗೆ ತಕ್ಕಂತೆ. ಆಳು ಗೇಣುದ್ದ, ರಾಜ ಎದೆಯುದ್ದ. ರಾಜನನ್ನು ಇಡೀ ಒಂದು ತೊಗಲಿನಲ್ಲಿ ಕೊರೆಯುತ್ತಾರೆ, ಕೀಲು ಇಡುವುದಿಲ್ಲ. ಪರದೆಗೆ ಆನಿಸಿದರೆ ನಿಂತಿತು, ಅಷ್ಟೇ. ಇದನ್ನೂ ಅವಳು ಹೇಳಿದಳು. ವ್ಯಾಪಾರಿಯ ಕಿವಿಗೆ ಎತ್ತರವೊಂದೇ ಬಿತ್ತು.

ಬಯಲು ತಪ್ಪಿದರೆ ಅವಳ ಮನೆಯ ಒಲೆ ಉರಿಯದು. ದೊಡ್ಡದನ್ನು ಕೊರೆದಳು. ಚಿಕ್ಕದನ್ನು ಸುಡಲು ಕೈ ಬರಲಿಲ್ಲ, ಪೆಟ್ಟಿಗೆಯ ತಳದಲ್ಲಿಟ್ಟಳು.

ಆಟದ ದಿನ ಹೊಸ ಸಾಹುಕಾರನ ನೆರಳು ಪರದೆ ತುಂಬಿತು. ಜನ ಹೋ ಎಂದರು. ವ್ಯಾಪಾರಿ ಮೀಸೆ ನೇವರಿಸಿದ. ಅಷ್ಟರಲ್ಲಿ ಕತೆಯಲ್ಲಿ ಕೋಡಂಗಿಯ ಗುಡಿಸಲಿಗೆ ಬೆಂಕಿ ಬಿತ್ತು. ಗೇಣುದ್ದದ ಗೊಂಬೆಗಳೆಲ್ಲ ಕೊಡ ಹಿಡಿದು ಓಡಿದವು.

"ಧಣೀ, ಒಂದು ಕೊಡ ನೀರು ಎತ್ತಿ!" ಎಂದು ಕೋಡಂಗಿ ಕೂಗಿಕೊಂಡ. "ಬಗ್ಗಿದರೆ ರುಮಾಲು ಬೀಳುತ್ತಾ?"

ದೊಡ್ಡ ಗೊಂಬೆ ನಿಂತೇ ಇತ್ತು. ಯಾರೂ ನಗಲಿಲ್ಲ.

"ಆ ಗೋಡೇನ ಆಚೆ ಸರಿಸ್ರೋ, ಬೆಂಕಿ ಕಾಣಲ್ಲ!" ಎಂದು ಹಿಂದಿನಿಂದ ಒಬ್ಬ ಮುದುಕ ಗದರಿದ.

ವ್ಯಾಪಾರಿ ಎದ್ದು ಪರದೆಯ ಹಿಂದೆ ಬಂದ. ಇಲ್ಲಿಗೆ ನನ್ನ ಅನ್ನ ಮುಗಿಯಿತು ಎಂದುಕೊಂಡಳು ಅವಳು.

"ಅವನ ಕೈ ಎತ್ತಿಸು" ಎಂದ.

"ಕೀಲಿಲ್ಲ ಧಣಿ. ಸೊಂಟ, ಹೆಗಲು ಕತ್ತರಿಸಿ, ತುಂಡಿನ ಮೇಲೆ ತುಂಡು ಕೂರಿಸಿ ದಾರ ಕಟ್ಟಬೇಕು. ಎತ್ತರ ಒಂದು ಗೇಣು ಹೋಗುತ್ತದೆ. ಆಮೇಲೆ ರಾಜನ ಸಮ ಅಲ್ಲ."

ಅವನು ತನ್ನ ಗೊಂಬೆಯನ್ನೇ ನೋಡುತ್ತ ನಿಂತ. ಹೊರಗೆ ಜನ ಏಳತೊಡಗಿದ್ದರು. ಅವಳು ಚಾಕುವನ್ನು ಅವನ ಮುಂದಿಟ್ಟಳು.

ಅವನೇ ಕತ್ತರಿಸಿದ.

ಅವಳು ದಾರ ಕಟ್ಟುತ್ತಲೇ ಕೋಡಂಗಿಯ ದನಿಯಲ್ಲಿ "ಕೂತ್ಕೊಳ್ರೋ, ಧಣಿ ಬಂದ್ರು, ಬಂದೇಬಿಟ್ರು" ಎಂದು ಜನರನ್ನು ಹಿಡಿದಿಟ್ಟಳು. ಪರದೆಯ ಮೇಲೆ ಸಾಹುಕಾರ ಬಗ್ಗಿದ. ಕೊಡ ಎತ್ತಿದ. ಜಾರಿ ದೊಪ್ಪನೆ ಬಿದ್ದ. ಎದ್ದು ಸುರಿದ. ಬೆಂಕಿ ಆರಿತು. ಬಯಲಿಗೆ ಬಯಲೇ ಎದ್ದು ನಿಂತು ಕೇಕೆ ಹಾಕಿತು. ಪಕ್ಕದೂರಿನ ನಾಯಿಗಳೂ ಅದಕ್ಕೆ ಓಗೊಟ್ಟವಂತೆ.

ಅವಳು ಪರದೆಯಂಚಿನಿಂದ ಇಣುಕಿದಳು. ಕುರ್ಚಿ ಖಾಲಿ. ವ್ಯಾಪಾರಿ ನೆಲದ ಮೇಲೆ ಕೂತು, ಕಣ್ಣೊರೆಸಿಕೊಳ್ಳುತ್ತ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಅವಳು ಪೆಟ್ಟಿಗೆಯ ತಳದಿಂದ ಡೊಳ್ಳು ಹೊಟ್ಟೆಯವನನ್ನೂ ತೆಗೆದು ಕುಣಿಸಿದಳು.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ನಾಳೆ ನಾನು ಹೋಗಲೋ, ಬೇಡವೋ?" ಎಂದ ಶಿಷ್ಯ.

"ಹೋಗು, ನಿನ್ನ ಎತ್ತರ ಕತ್ತರಿಸುವ ಚಾಕು ಮಾತ್ರ ಬೇರೆಯವರ ಕೈಗೆ ಕೊಡಬೇಡ."