ಉಗಿಬಂಡಿಯೂ ರುದ್ರಮುನಿಯ ಗಂಟೂ

ತುಂಗಭದ್ರೆಯ ದಂಡೆಯ ಮಠವೊಂದರಲ್ಲಿ, ಊಟದ ಪಂಕ್ತಿಗೆ ಉಪ್ಪು, ಉಪ್ಪಿನಕಾಯಿ ಹೊತ್ತು ತರುತ್ತಿದ್ದುದು ಒಂದು ಪುಟ್ಟ ಉಗಿಬಂಡಿ.

ಮಠದ ಸ್ವಾಮಿಗಳಾದ ಅಜ್ಜನವರು ಹಿಂದೆ ರೈಲ್ವೆಯಲ್ಲಿ ಬಾಯ್ಲರ್ ರಿಪೇರಿ ಮಾಡುತ್ತಿದ್ದವರು. ವೈರಾಗ್ಯ ಬಂದಾಗ ಸ್ಪ್ಯಾನರ್ ಒಂದನ್ನುಳಿದು ಎಲ್ಲವನ್ನೂ ಬಿಟ್ಟರು.

ಬಂಡಿಯನ್ನು ನೋಡಿಕೊಳ್ಳುವವನು ಶಿಷ್ಯ ಗವಿಸಿದ್ಧ. ಆ ವಾರ ಅದರ ಬಾಯ್ಲರಿನ ಒತ್ತಡ ತೋರಿಸುವ ಮುಳ್ಳು ಏರಿದಷ್ಟೇ ಬೇಗ ಇಳಿದು, ಬಂಡಿ ನಡುದಾರಿಯಲ್ಲೇ ನಿಲ್ಲುತ್ತಿತ್ತು. ಅರ್ಧ ಪಂಕ್ತಿ ಸಪ್ಪೆ ಊಟ ಮಾಡಿತು.

ಒಂದು ಬೆಳಿಗ್ಗೆ ಗವಿಸಿದ್ಧ ಅಜ್ಜನ ಮುಂದೆ ಬಟ್ಟೆಗಂಟೊಂದನ್ನು ತಂದಿಟ್ಟ.

"ಏನೋ ಇದು?"

"ರುದ್ರಮುನಿಯ ಗಂಟು. ನಾನೇ ಕಟ್ಟೀನಿ. ಇವತ್ತೇ ಅವನ್ನ ಮಠದಿಂದ ಹೊರಗ ಹಾಕ್ರಿ."

ರುದ್ರಮುನಿ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ. ಬಾಯ್ಲರಿಗೆ ಬೆಸುಗೆ ಹಾಕಿದ ಶಿಷ್ಯ ಅವನು. ಮಠ ಬಿಟ್ಟರೆ ಅವನಿಗೆ ಬೇರೆ ಮನೆ ಇರಲಿಲ್ಲ.

"ಅವನೇನು ಮಾಡಿದ?"

"ಬೆಸುಗೆ ಸೋರಾಕತ್ತೈತ್ರಿ. ಸಾಲದ್ದಕ್ಕ ಬಂಡಿಯ ನೀರಿನ ತೊಟ್ಟಿ ಸುಡ್ತೈತಿ. ನನ್ನ ಹೆಸರು ಕೆಡಸಾಕ ಬಿಸಿನೀರು ಸುರದಾನ."

"ಸುರಿಯೋದು ನೋಡಿದೇನು?"

"ನೋಡೂದೇನೈತ್ರಿ? ಅವನ ಮಾರಿ ನೋಡ್ರಿ."

ಅಜ್ಜ ರುದ್ರಮುನಿಯ ಮುಖ ನೋಡಿದರು. ಅಲ್ಲಿ ಬಿಸಿನೀರು ಕಾಣಲಿಲ್ಲ.

ಆರಿದ್ದ ಬಾಯ್ಲರಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿದರು. ಬೆಸುಗೆಗಳಿಗೆಲ್ಲ ಸಾಬೂನು ನೀರು ಹಚ್ಚಿಸಿದರು.

"ಬೆಸುಗೆಯಾಗ ಗುಳ್ಳೆ ಎದ್ದರ ಅವನು ಹೊಂಟ," ಎಂದರು ಅಜ್ಜ.

ಮುಳ್ಳು ಇಳಿಯಿತು. ಬೆಸುಗೆಯಲ್ಲಿ ಗುಳ್ಳೆ ಏಳಲಿಲ್ಲ.

"ಸಾಬೂನು ಸುಮಾರೈತ್ರಿ," ಎಂದ ಗವಿಸಿದ್ಧ.

"ತೊಟ್ಟಿ ನೋಡು."

ತೊಟ್ಟಿಯ ನೀರಿನಲ್ಲಿ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು.

ತೊಟ್ಟಿಯಿಂದ ಬಾಯ್ಲರಿಗೆ ನೀರು ಹೋಗುವ ದಾರಿಯಲ್ಲಿ ಒಂದು ಪುಟ್ಟ ಕವಾಟವಿದೆ. ನೀರನ್ನು ಒಳಗೆ ಬಿಡುವುದು, ಉಗಿಯನ್ನು ಹಿಂದಕ್ಕೆ ಬಿಡದಿರುವುದು ಅದರ ಕೆಲಸ. ಅಜ್ಜ ಅದನ್ನು ಬಿಚ್ಚಿದರು. ಒಳಗಿನ ಗುಂಡಿನ ಕೆಳಗೆ ಮರಳಿನ ಕಣವೊಂದು ಸಿಕ್ಕಿಕೊಂಡಿತ್ತು. ಗುಂಡು ಪೂರ್ತಿ ಕೂರದೆ, ಉಗಿಯೆಲ್ಲ ಹಿಂದಕ್ಕೆ ತೊಟ್ಟಿಗೆ ಹೋಗುತ್ತಿತ್ತು.

"ನೀರು ಸೋಸಿ ಹಾಕು ಅಂತ ಹೇಳಿದ್ದೆನಲ್ಲೋ."

ಗವಿಸಿದ್ಧ ಕೆರಳಿದ. "ಅದು ಹೊಳೀ ನೀರ್ರಿ, ತೀರ್ಥ. ತೀರ್ಥ ಸೋಸೂದು ಅಂದ್ರ ಹೊಳೀಗೇ ಅನುಮಾನ ಪಟ್ಟಂಗ. ಅಂಥಾ ಅಪಚಾರ ನಾ ಒಂದಿನಾನೂ ಮಾಡಿಲ್ಲ."

ಅಜ್ಜ ಗಂಟು ಬಿಚ್ಚಿದರು. ರುದ್ರಮುನಿಯ ಧೋತರ ತೆಗೆದು, ಕೊಡದ ಬಾಯಿಗೆ ಹಿಡಿಸಿ, ಹೊಳೆಯ ನೀರು ಸುರಿದರು.

ನೀರು ಇಳಿಯಿತು. ಬಟ್ಟೆಯ ನಡುವೆ ಒಂದು ಚಿಟಿಕೆ ಮರಳು ಉಳಿಯಿತು.

ಗವಿಸಿದ್ಧ ಅದನ್ನು ಬೆರಳಿನಿಂದ ಮುಟ್ಟಿ ನೋಡಿದ. ಅವನ ಸಿಟ್ಟು ಆರಿರಲಿಲ್ಲ. ಕೂರಲು ಬೇರೆ ಜಾಗ ಹುಡುಕುತ್ತಿತ್ತು.

"ಹಂಗಾದ್ರ ತಪ್ಪು ಹೊಳೀದ್ರಿ, ಅಜ್ಜಾರ."

ಅಜ್ಜ ಆ ಒದ್ದೆ ಧೋತರವನ್ನು, ಮರಳಿನ ಸಮೇತ, ಅವನ ಕೈಗಿಟ್ಟರು.

"ಹೌದು ತಮ್ಮಾ. ಗಂಟು ಕಟ್ಟು. ಹೊಳೀನ್ನ ಮಠದಿಂದ ಹೊರಗ ಹಾಕೂಣು."