ಲೋಳೆ ಬಂದ ಪೀಪಾಯಿ

ಬೆಟ್ಟದ ಮೇಲಿನ ಒಂದು ಪೇಟೆಯಲ್ಲಿ ಬೊಳ್ಳಮ್ಮ ಎಂಬಾಕೆ ಹುಳಿ ಬಿಯರ್ ಮಾಡುತ್ತಿದ್ದಳು. ಬಾರ್ಲಿಯ ರಸ ಕುದಿಸಿ, ಅಗಲವಾದ ಬಾನಿಯಲ್ಲಿ ಆರಲು ಬಿಟ್ಟು, ಮಾಡಿನ ಕಿಂಡಿ ತೆರೆದಿಡುವುದು ಅವಳ ಕ್ರಮ. ಹೆಪ್ಪು ಹಾಕುವ ಕೆಲಸ ಗಾಳಿಯದು. ಆಮೇಲೆ ಆ ರಸ ಮರದ ಪೀಪಾಯಿ ಸೇರಿ ವರ್ಷಗಟ್ಟಲೆ ಮಲಗುತ್ತಿತ್ತು.

ಅವಳ ಕಸುಬು ಕಲಿಯಲು ಅಣ್ಣನ ಮಗ ಉತ್ತಯ್ಯ ಬಂದ. ಚುರುಕಿನವನು. ಆದರೆ ಅಕ್ಕಿ ಕುದಿ ಬರುವ ಮೊದಲೇ ಅಗುಳು ಹಿಸುಕಿ ನೋಡುವವನು.

ಮಗಳ ಬಾಣಂತನಕ್ಕೆ ಹೊರಟ ಬೊಳ್ಳಮ್ಮ ಹೇಳಿದಳು: "ನಾನು ಬರುವವರೆಗೆ ಪೀಪಾಯಿ ಮುಟ್ಟಬೇಡ. ಜೇಡನ ಬಲೆಯನ್ನೂ ಗುಡಿಸಬೇಡ, ನೊಣ ಹಿಡಿಯುವುದು ಅದೇ. ಅಷ್ಟು ಮಾಡಿದರೆ ಈ ಉಗ್ರಾಣದ ಬೀಗದ ಕೈ ನಾನು ಬಂದ ಮೇಲೂ ನಿನ್ನ ಹತ್ತಿರವೇ ಇರಲಿ."

"ಇಷ್ಟೇನಾ ಅತ್ತೆ? ಸುಮ್ಮನಿರುವುದು?"

"ಇದ್ದು ನೋಡು."

ಬೇಸಿಗೆ ಬಂತು. ಪೀಪಾಯಿಗಳೊಳಗೆ ಗುಳುಗುಳು ಸದ್ದು. ಉತ್ತಯ್ಯ ಕಿವಿಯಿಟ್ಟು ಕೇಳಿದ. ಹೊರಗೆ ಹೋದ, ಒಳಗೆ ಬಂದ, ಉಣ್ಣುತ್ತಿದ್ದವನು ಎದ್ದು ಮತ್ತೆ ಕೇಳಿದ. ಒಂದು ದಿನ ಸದ್ದು ನಿಂತಿತು. ಆಗ ಇನ್ನೂ ದಿಗಿಲಾಯಿತು. ಬಿರಡೆ ಕಿತ್ತು, ಕೊಳವೆ ಇಳಿಸಿ ಒಂದು ಲೋಟ ತೆಗೆದ. ಬಿಯರ್ ಲೋಳೆಯಾಗಿ ಎಳೆ ಎಳೆಯಾಗಿ ಜೋತಿತು.

ಪಕ್ಕದ ಬೇಕರಿಯ ವರ್ಗೀಸ್ ಇಣುಕಿ ನಕ್ಕ. "ಏನಪ್ಪಾ, ಬೆಂಡೆಕಾಯಿ ಬೇಯಿಸಿ ಹಾಕಿದ್ದೀಯಾ? ಅತ್ತೆ ಬಂದರೆ ನಿನ್ನನ್ನೂ ಅದರಲ್ಲೇ ಮುಳುಗಿಸುತ್ತಾರೆ."

ಉತ್ತಯ್ಯನಿಗೆ ನಗು ಬರಲಿಲ್ಲ. ಮತ್ತೊಂದನ್ನು ತೆರೆದ, ಅದೂ ಹಾಗೇ. ತೆರೆದದ್ದನ್ನೆಲ್ಲ ಚರಂಡಿಗೆ ಸುರಿದ. ಪೀಪಾಯಿಗಳನ್ನು ಬಿಸಿನೀರಲ್ಲಿ ತಿಕ್ಕಿದ. ಬಲೆ ಗುಡಿಸಿದ. ಮೂಲೆಯ ಒಂದೇ ಒಂದರ ಬಿರಡೆ ಉಬ್ಬಿ ಕೂತಿತ್ತು. ಎಷ್ಟು ಎಳೆದರೂ ಬರಲಿಲ್ಲ.

ಬೊಳ್ಳಮ್ಮ ಬಂದವಳು ಮೊದಲು ಖಾಲಿ ಪೀಪಾಯಿಗಳನ್ನು ನೋಡಿದಳು.

"ಕೆಟ್ಟಿತ್ತು ಅತ್ತೆ. ಲೋಳೆ ಬಂದಿತ್ತು."

"ಬೇಸಿಗೆಯಲ್ಲಿ ಬರುತ್ತದೆ. ಪ್ರತಿ ಸಲವೂ. ತಾನೇ ಹೋಗುತ್ತದೆ."

"ಮೊದಲೇ ಹೇಳಬಾರದಿತ್ತಾ?"

"ಹೇಳಿದ್ದರೆ ಲೋಳೆ ಹೋಯಿತಾ ಎಂದು ನೀನು ದಿನಾ ಬಿರಡೆ ಕೀಳುತ್ತಿದ್ದೆ."

ಬೀಗದ ಕೈ ಅವಳ ಸೊಂಟಕ್ಕೇ ಮರಳಿತು.

ವರ್ಷ ಕಳೆದು ಮೂಲೆಯ ಪೀಪಾಯಿ ತೆರೆದರು. ಲೋಳೆಯ ಸುಳಿವಿಲ್ಲ, ತಿಳಿ ಹೊನ್ನಿನ ಬಣ್ಣ. ಮೊದಲ ಗುಟುಕಿಗೆ ಹುಳಿ ಕಿವಿಯ ಬುಡ ಹಿಡಿಯಿತು. ಹಿಂದೆಯೇ ಹಳೆ ಮರ, ಒದ್ದೆ ಕಂಬಳಿಯ ವಾಸನೆ, ಕೊನೆಗೆ ಸೇಬಿನ ಸಿಪ್ಪೆಯ ಒಗರು. ಲೋಟ ಕೆಳಗಿಟ್ಟ ಮೇಲೂ ರುಚಿ ನಾಲಿಗೆ ಬಿಡಲಿಲ್ಲ.

ಉತ್ತಯ್ಯ ಚರಂಡಿಯ ಕಡೆ ನೋಡಿದ.

ಬೊಳ್ಳಮ್ಮ ಬೀಗದ ಕೈ ಬಿಚ್ಚಿ ಚಾಚಿದಳು. ಹೊಸದಾಗಿ ತುಂಬಿದ ಪೀಪಾಯಿಗಳಲ್ಲಿ ಆಗಲೇ ಗುಳುಗುಳು ಶುರುವಾಗಿತ್ತು. ಉತ್ತಯ್ಯನ ಬಲಗೈ ತಾನಾಗಿ ಬಿರಡೆಯ ಕಡೆ ಹೊರಟಿತು. ಅದನ್ನು ಹಿಂದೆಳೆದು ಕಂಕುಳಲ್ಲಿ ಸಿಕ್ಕಿಸಿಕೊಂಡ.

"ಈಗಲೇ ಬೇಡ ಅತ್ತೆ. ಈ ಬೇಸಿಗೆ ಕಳೆಯಲಿ."

ನೀತಿ: ಹದಗೊಳ್ಳುವ ವಸ್ತು ನಡುವೆ ಒಮ್ಮೆ ಕೆಟ್ಟಂತೆ ಕಾಣುತ್ತದೆ. ಆಗ ಕೈ ಕಟ್ಟಿ ಕೂರುವುದೂ ಒಂದು ಕೆಲಸ. ಕಲಿಯಲು ಎಲ್ಲಕ್ಕಿಂತ ಕಷ್ಟವಾದ ಕೆಲಸ.