ಖಾಲಿ ಗೂಡಿನ ಕಲ್ಲು

“ಗುರುಗಳೆ, ‘ವಸ್ತುವನ್ನು ತೆಗೆಯುತ್ತದೆ, ಗೂಡು ಖಾಲಿಯಾಗುತ್ತದೆ’ ಎಂದು ಬರೆದರೆ ಸಾಲದೆ?” ಎಂದು ಶಿಷ್ಯ ಕೇಳಿದ.

ಅವನು ಒಂದು ಕಂಪ್ಯೂಟರ್ ಭಾಷೆಯ ಒಳಗಿನ ಹ್ಯಾಶ್ ಟೇಬಲ್‌ಗೆ ವಿವರಣೆ ಬರೆಯುತ್ತಿದ್ದ. ಅದು ಸಾಲುಗೂಡುಗಳಿದ್ದ ಹಾಗೆ. ವಸ್ತುವಿನ ಹೆಸರೇ ಅದರ ಗೂಡು ಯಾವುದೆಂದು ಹೇಳುತ್ತದೆ. ಆ ಗೂಡು ತುಂಬಿದ್ದರೆ ಪಕ್ಕದ್ದು. ಇಡುವ ಫಂಕ್ಷನ್ನಿಗೂ ಹುಡುಕುವ ಫಂಕ್ಷನ್ನಿಗೂ ವಿವರಣೆ ಬರೆದಾಗಿತ್ತು. ತೆಗೆಯುವ ಫಂಕ್ಷನ್ ಉಳಿದಿತ್ತು. ಅದು ತೆಗೆದ ಗೂಡಿನಲ್ಲಿ ಒಂದು ಗುರುತು ಬಿಟ್ಟು ಹೋಗುತ್ತಿತ್ತು.

“ಆ ಗುರುತಿನ ಮಾತು ಓದುವವರಿಗೆ ಯಾಕೆ? ಕೋಡ್‌ನಲ್ಲಿ ಕಾಣುತ್ತದಲ್ಲ,” ಎಂದ.

ಗುರು ಈ ಕತೆ ಹೇಳಿದರು.

“ಗೂಡಾಗ ಕಲ್ಲ ಇಡೂದು ಮರೀಬ್ಯಾಡ್ರಿ.”

ಚಪ್ಪಲಿ ಕಾಯುವವನೊಬ್ಬನಿಗೆ ಅವನ ಹೆಂಡತಿ ಸಾತವ್ವ ಕೊನೆಯದಾಗಿ ಹೇಳಿದ್ದು ಇಷ್ಟೇ. ಜ್ವರದ ಕನವರಿಕೆ ಎಂದು ಅವನು ತಿಳಿದ. ಹಣೆಗೆ ಒದ್ದೆ ಬಟ್ಟೆ ಹಾಕಿ, “ಆತು, ಮಲಗು,” ಎಂದ. ಅವಳು ಮಲಗಿದಳು. ಏಳಲಿಲ್ಲ.

ಮಠದ ದಾಸೋಹಕ್ಕೆ ಉಣ್ಣಲು ಬಂದವರ ಚಪ್ಪಲಿಗಳನ್ನು ಬಾಗಿಲಲ್ಲಿ ಕಾಯುವುದು ಗಂಡ ಹೆಂಡಿರ ಕೆಲಸ. ಅವನು ಕಾಲಿಗೆ ನೀರು ಕೊಡುವವನು. ಒಳಗೋಡೆಯ ಗೂಡುಗಳು ಅವಳವು. ಚೀಟಿ ಇಲ್ಲ, ಬಿಲ್ಲೆ ಇಲ್ಲ. “ಯಾವೂರು?” ಎಂದು ಕೇಳುವಳು. ಒಂದೊಂದು ಊರಿಗೆ ಒಂದೊಂದು ಗೂಡು. ಒಂದು ಗೂಡಿಗೆ ಒಂದೇ ಜೋಡು. ಅದು ತುಂಬಿದ್ದರೆ ಮುಂದಿನದು, ಅದೂ ತುಂಬಿದ್ದರೆ ಅದರ ಮುಂದಿನದು. ಉಂಡು ಬಂದವರನ್ನು ಮತ್ತೆ ಕೇಳುವಳು, “ಯಾವೂರು?” ನೆಟ್ಟಗೆ ಆ ಊರಿನ ಗೂಡಿಗೆ ಕೈ. ಅಲ್ಲಿ ಬೇರೆಯವರದಿದ್ದರೆ ಮುಂದೆ ನೋಡುತ್ತ ಹೋಗುವಳು. ಖಾಲಿ ಗೂಡು ಬಂದರೆ ನಿಲ್ಲುವಳು. ಅದರಾಚೆ ಇರುವುದಿಲ್ಲ.

ಆದರೆ ಚಪ್ಪಲಿ ತೆಗೆದ ಗೂಡಿನಲ್ಲಿ ಒಂದು ಹಳ್ಳದ ಕಲ್ಲು ಇಡುವಳು. ಅಲ್ಲಿಗೆ ಇನ್ನೊಬ್ಬರ ಚಪ್ಪಲಿ ಬಂದರೆ ಕಲ್ಲು ತೆಗೆಯುವಳು. ಸಂಜೆ ಎಲ್ಲ ಕಲ್ಲೂ ಬುಟ್ಟಿಗೆ.

“ಕಲ್ಲ ಕೂಡಿಸಿ ನನಗೊಂದು ಗುಡಿ ಕಟ್ಟಸ್ತೀ ಏನ?” ಎಂದು ಅವನು ಚೇಷ್ಟೆ ಮಾಡುತ್ತಿದ್ದ.

“ನಿಮಗ ಗುಡಿ ಯಾಕ? ಒಂದು ಕಟ್ಟಿ ಸಾಕು, ಕುಂತು ಹರಟಿ ಹೊಡಿಯಾಕ,” ಎನ್ನುತ್ತಿದ್ದಳು.

ಕಲ್ಲು ಯಾಕೆ ಎಂದು ಅವನು ಕೇಳಲಿಲ್ಲ. ಕಣ್ಣೆದುರೇ ಇಡುತ್ತೇನಲ್ಲ, ಹೇಳುವುದೇನು ಎಂದು ಅವಳೂ ಹೇಳಲಿಲ್ಲ.

ಮಣ್ಣು ಮಾಡಿ, ಆಮೇಲಿನ ಕಾರ್ಯ ಮುಗಿಸಿ, ಅವನು ಒಬ್ಬನೇ ಬಾಗಿಲಿಗೆ ಬಂದ. ಅವಳು ಕೂರುತ್ತಿದ್ದ ಚಾಪೆ ಹಾಸಿದ ಹಾಗೇ ಇತ್ತು. ನೋಡಲಾಗಲಿಲ್ಲ. ಸುತ್ತಿ ಮೂಲೆಗೆ ನಿಲ್ಲಿಸಿದ. ಬುಟ್ಟಿಯನ್ನೂ ನೋಡಲಾಗಲಿಲ್ಲ. ಕಲ್ಲುಗಳನ್ನು ಒಯ್ದು ಬೇವಿನ ಬುಡದಲ್ಲಿ ಸುರಿದ.

ಅಂದು ಹುಣಸೀಹಾಳದ ಹೆಂಗಸೊಬ್ಬಳು ಬಂದಳು. ಕಾಲಲ್ಲಿ ಗಂಡಸರ ಚಪ್ಪಲಿ. ನಡೆದರೆ ಹಿಮ್ಮಡಿ ಬಿಟ್ಟು ಪಟಪಟ ಎನ್ನುವಷ್ಟು ದೊಡ್ಡವು. ಹುಣಸೀಹಾಳದ ಗೂಡು ತುಂಬಿತ್ತು. ಪಕ್ಕದ್ದೂ ತುಂಬಿತ್ತು. ಅದರಾಚೆಯ ಗೂಡಿನಲ್ಲಿಟ್ಟ. ಅವಳು ಉಣ್ಣುತ್ತಿರುವಾಗ ಪಕ್ಕದ ಗೂಡಿನವನು ತನ್ನ ಚಪ್ಪಲಿ ಇಸಿದುಕೊಂಡು ಹೋದ.

ಅವಳು ಉಂಡು ಬಂದಾಗ ಬಾಗಿಲ ತುಂಬ ಜನ. “ಯಾವೂರು?” ಎಂದ. ಹುಣಸೀಹಾಳದ ಗೂಡು ನೋಡಿದ. ಬೇರೆಯವರದು. ಪಕ್ಕದ್ದು ನೋಡಿದ. ಖಾಲಿ. ಹೆಂಡತಿ ನಿಲ್ಲುತ್ತಿದ್ದಲ್ಲಿ ಅವನೂ ನಿಂತ.

“ಇಲ್ಲವ್ವ ನಿನ್ನವು.”

“ನೀನ ಇಸಗೊಂಡೆಲ್ಲೋ ಯಪ್ಪಾ!”

“ಗೂಡು ಖಾಲಿ ಐತಿ. ಬರಿಗಾಲಾಗ ಬಂದಿರ್ತಿ, ಮರತೀದಿ.”

ಹಿಂದೆ ನಿಂತವರು ನಕ್ಕರು. ಯಾರೋ, “ದಾಸೋಹದಾಗ ಚಪ್ಪಲೀನೂ ಬಡಸ್ತಾರಂತ ತಿಳದಾಳ,” ಎಂದರು.

ಅವಳು ಜಗಳ ಮಾಡಲಿಲ್ಲ. “ಅವು ನಮ್ಮ ಮನಿಯವರವು,” ಎಂದಳು. “ಅವರಿಲ್ಲ. ಅವಷ್ಟ ಉಳದಿದ್ವು.” ಆಮೇಲೆ ಮೂಲೆಯ ಚಾಪೆ ನೋಡಿ, “ಸಾತವ್ವ ಇದ್ದಿದ್ರ ಸಿಗತಿದ್ವು,” ಎಂದು, ಕಾದ ನೆಲದ ಮೇಲೆ ಬರಿಗಾಲಲ್ಲಿ ಇಳಿದು ಹೋದಳು.

ಸಂಜೆ ಎಲ್ಲರೂ ಹೋದರು. ಅವನು ಗೂಡು ಗುಡಿಸುತ್ತ ಬಂದ. ಹುಣಸೀಹಾಳದ್ದು ಖಾಲಿ. ಪಕ್ಕದ್ದು ಖಾಲಿ. ಅದರಾಚೆ ಆ ದೊಡ್ಡ ಚಪ್ಪಲಿಗಳು.

ಕಸಬರಿಗೆ ಕೈಯಲ್ಲೇ ಉಳಿಯಿತು. ತಾನು ನಿಂತ ಗೂಡಿನೊಳಗೆ ಕೈ ಹಾಕಿ ಸವರಿದ. ಅಲ್ಲೊಂದು ಕಲ್ಲು ಇದ್ದಿದ್ದರೆ ನಿಲ್ಲುತ್ತಿರಲಿಲ್ಲ. ಇಲ್ಲಿ ಒಬ್ಬರಿದ್ದರು, ಹೋಗಿದ್ದಾರೆ, ನೀನು ಮುಂದೆ ನೋಡು ಎಂದು ಕಲ್ಲು ಹೇಳುತ್ತಿತ್ತು. ಕನವರಿಕೆಯಲ್ಲ ಅದು. ಜ್ವರದಲ್ಲೂ ಅವಳು ಅವನ ಕೆಲಸದ ಚಿಂತೆ ಮಾಡಿದ್ದಳು. ಅವನು ಗೋಡೆಗೆ ಹಣೆಯಿಟ್ಟು ನಿಂತ.

ಮರುದಿನ ನಸುಕಿನಲ್ಲಿ ಚಪ್ಪಲಿಗಳನ್ನು ಟವೆಲಿನಲ್ಲಿ ಸುತ್ತಿ ಹುಣಸೀಹಾಳಕ್ಕೆ ನಡೆದ. ಹೆಂಗಸು ಅಂಗಳಕ್ಕೆ ನೀರು ಹಾಕುತ್ತಿದ್ದಳು. ಅವಳ ಪಾದದ ಬಳಿ ಜೋಡಿಸಿಟ್ಟು, “ಖಾಲಿ ಅಂದೆನವ್ವ. ತಪ್ಪಾತು,” ಎಂದ. ಅವಳು ಕಾಲು ಒರೆಸಿಕೊಂಡು ಮೆಟ್ಟಿಕೊಂಡಳು. ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು.

ಮಠಕ್ಕೆ ಮರಳಿ ಬೇವಿನ ಬುಡದ ಕಲ್ಲುಗಳನ್ನು ಆರಿಸಿದ. ತೊಳೆದು ಬುಟ್ಟಿಗೆ ತುಂಬಿದ. ಸುತ್ತಿಟ್ಟ ಚಾಪೆ ಬಿಚ್ಚಿ ಅವಳು ಕೂರುತ್ತಿದ್ದಲ್ಲೇ ಹಾಸಿದ. ಅದರ ಮೇಲೆ ಒಂದು ಕಲ್ಲಿಟ್ಟ. ತಾನು ಬದಿಗೆ ಕುಳಿತು, ಮೊದಲು ಬಂದವನನ್ನು ಕೇಳಿದ, “ಯಾವೂರು?”

ಗುರು ಕೀಲಿಮಣೆಯನ್ನು ಶಿಷ್ಯನ ಕಡೆಗೆ ಸರಿಸಿದರು.

“ಈಗ ಬರೆ ನೋಡೋಣ, ಆ ಜಾಗ ಖಾಲಿ ಎಂದು.”